‘ದಿ ಅಮೆರಿಕನ್ಸ್’ ಶುರು ಮಾಡಿದ್ದೇನೆ, ಮುಂದುವರಿಸಲಾ ಬಿಡಲಾ?

ಗಾಂಧಿಬಜಾರ್_ಫಿಲ್ಟರ್

ಎಲ್ಲರಿಗೂ ನಮಸ್ಕಾರ. ‘ದಿ ಫ್ಯಾಮಿಲಿ ಮ್ಯಾನ್’ ಮುಗಿದ ಮೇಲೆ ಅದೇ ಥರದ್ದು ಇನ್ನೇನಿದೆ ಅಂತ ಹುಡುಕುತ್ತಿದ್ದೆ. ಆಫೀಸಿನಲ್ಲಿ ಒಬ್ಬ ‘ದಿ ಅಮೆರಿಕನ್ಸ್’ ನೋಡು, ಇದರ ಮುಂದೆ ಉಳಿದದ್ದೆಲ್ಲ ಸಪ್ಪೆ ಅಂದ. ಗೊತ್ತಿಲ್ಲದವರಿಗೆ ಕಥೆ ಇಷ್ಟು: 1981, ರೇಗನ್ ಆಗಷ್ಟೇ ಅಧ್ಯಕ್ಷರಾಗಿದ್ದಾರೆ. ವಾಷಿಂಗ್ಟನ್ ಪಕ್ಕದ ಫಾಲ್ಸ್ ಚರ್ಚ್ ಅನ್ನುವ ಊರಿನಲ್ಲಿ ಫಿಲಿಪ್, ಎಲಿಜಬೆತ್ ಅಂತ ಗಂಡ ಹೆಂಡತಿ. ಟ್ರಾವೆಲ್ ಏಜೆನ್ಸಿ ನಡೆಸುತ್ತಾರೆ. ಇಬ್ಬರು ಮಕ್ಕಳು, ಪೇಜ್ ಮತ್ತು ಹೆನ್ರಿ. ಅಸಲಿಗೆ ಇಬ್ಬರೂ ಸೋವಿಯತ್ ಕೆಜಿಬಿಯ ಬೇಹುಗಾರರು. ಮದುವೆಯೂ ಮಾಸ್ಕೋದವರು ಮಾಡಿಸಿದ ವ್ಯವಸ್ಥೆ. ಮಕ್ಕಳಿಗೆ ಏನೂ ಗೊತ್ತಿಲ್ಲ. ಎದುರು ಮನೆಗೆ ಬಾಡಿಗೆಗೋ ಸ್ವಂತಕ್ಕೋ ಬಂದವನು ಸ್ಟ್ಯಾನ್, ಎಫ್‌ಬಿಐನಲ್ಲಿ ಬೇಹುಗಾರರನ್ನು ಹಿಡಿಯುವವನು!

ಮೊದಲ ಎಪಿಸೋಡ್ ಬೆಂಕಿ. ಕಾರಿನ ಡಿಕ್ಕಿಯಲ್ಲಿ ಅಪಹರಿಸಿದ ಮನುಷ್ಯ, ಗೋಡೆಯಾಚೆ ಮಕ್ಕಳ ಗಲಾಟೆ. ಕುರ್ಚಿಯ ತುದಿಗೆ ಬಂದಿದ್ದೆ. ಈಗ ಎರಡನೇ ಸೀಸನ್ನಿನ ಮಧ್ಯದಲ್ಲಿದ್ದೇನೆ. ಬರೀ ಮಾತು ಮಾತು. ಗಂಡ ಹೆಂಡತಿ ಮುನಿಸಿಕೊಳ್ಳುತ್ತಾರೆ, ಮಗಳು ಚರ್ಚಿಗೆ ಹೋಗುತ್ತೇನೆ ಅಂತಾಳೆ, ಅದಕ್ಕೊಂದು ಜಗಳ. ಸ್ಪೈ ಸೀರೀಸಿನಲ್ಲಿ ಚರ್ಚಿನ ಕಥೆ ಯಾಕೆ ಬೇಕು? ಒಟ್ಟು 6 ಸೀಸನ್, 75 ಎಪಿಸೋಡ್ ಇದೆ. ಮುಂದೆ ವೇಗ ಬರುತ್ತದಾ? ಮತ್ತೆ ಇದು ನಿಜವಾಗಿ ನಡೆದದ್ದಾ, ಸುಮ್ನೆ ಕಟ್ಟಿದ್ದಾ? ಕೊನೆ ಮಾತ್ರ ಯಾರೂ ಹೇಳಬೇಡಿ, ಪುಣ್ಯ ಬರುತ್ತದೆ.

ಸ್ಪೀಡ್_2ಎಕ್ಸ್

ನನಗೂ ಸೇಮ್ ಆಗಿತ್ತು ಗುರೂ. ಯೂಟ್ಯೂಬಿನಲ್ಲಿ ರೀಕ್ಯಾಪ್ ನೋಡಿ, ಸೀದಾ ಆರನೇ ಸೀಸನ್‌ಗೆ ಹಾರಿ. ಅದು ಹತ್ತೇ ಎಪಿಸೋಡ್. ಕೊನೆಯ ಎಪಿಸೋಡಿನ ಬರವಣಿಗೆಗೆ 2018ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು, ಫಿಲಿಪ್ ಪಾತ್ರದ ಮ್ಯಾಥ್ಯೂ ರೀಸ್‌ಗೂ ಬಂತು. ನಡುವಿನದನ್ನು ಅಡುಗೆ ಮಾಡುತ್ತಾ ಹಿನ್ನೆಲೆಯಲ್ಲಿ ಓಡಿಸಿದರೆ ಸಾಕು.

ಟ್ರಂಕ್‌ಬೋರ್ಡ್_ಅಮ್ಮ

ಮೇಲಿನವರ ಸಲಹೆ ದಯವಿಟ್ಟು ಕೇಳಬೇಡಿ. ಎಮ್ಮಿ ಬಂದ ಆ ಕೊನೆಯ ಎಪಿಸೋಡಿನಲ್ಲಿ ಒಂದು ಪಾರ್ಕಿಂಗ್ ಗ್ಯಾರೇಜ್ ಸೀನ್ ಇದೆ. ಕೆಲವರು ನಿಂತು ಮಾತಾಡುತ್ತಾರೆ, ಹತ್ತು ನಿಮಿಷದ ಹತ್ತಿರ. ಅಷ್ಟೇ. ಹಾರಿ ಬಂದವರಿಗೆ ಅದು ಗ್ಯಾರೇಜಿನಲ್ಲಿ ನಿಂತು ಮಾತಾಡುವ ಜನ. ಬಿಡದೆ ನೋಡಿ ಬಂದವರಿಗೆ ಉಸಿರು ನಿಲ್ಲುತ್ತದೆ. ಯಾರು ಯಾರು ಅಂತ ಹೇಳುವುದಿಲ್ಲ, ನಿಮಗೆ ಮಾತು ಕೊಟ್ಟ ಹಾಗಾಯಿತು.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಮುಂದೆ ಬರೆಯುವುದು ಅತಿ ಅನ್ನಿಸಬಹುದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದವಳು. ಎಸ್‌ಟಿಡಿ ಬೂತು ಬೀದಿ ಬೀದಿಗೆ ಬರುವ ಮುಂಚಿನ ಕಾಲ. ಊರಾಚೆಯ ಕರೆ ಅಂದರೆ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆ. ಪಿಪಿ ಕಾಲ್ ಅಂದರೆ ಹೆಸರು ಹೇಳಿದ ಮನುಷ್ಯನನ್ನೇ ಕರೆಸಿ ಲೈನ್ ಕೊಡಬೇಕು. ಮೂರು ನಿಮಿಷ ಆದ ಕೂಡಲೇ ನಡುವೆ ಬಾಯಿ ಹಾಕಿ ತಿಳಿಸಬೇಕು. ಹಾಗೆ ತಿಳಿಸಬೇಕಾದರೆ ಲೈನಿಗೆ ಬರಲೇಬೇಕು ಅಲ್ವಾ? ಬೇಡ ಅಂದರೂ ಒಂದೊಂದು ಮಾತು ಕಿವಿಗೆ ಬೀಳುತ್ತಿತ್ತು. ಅದನ್ನು ಹೊರಗೆ ಬಾಯಿಬಿಟ್ಟರೆ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಶಿಕ್ಷೆ ಇತ್ತು. ಯಾವ ಅಂಗಡಿ ಮುಳುಗುತ್ತಿದೆ, ಯಾರ ಮನೆಯ ನಿಶ್ಚಿತಾರ್ಥ ಮುರಿಯಿತು, ಎಲ್ಲ ಗೊತ್ತು. ಮರುದಿನ ಸಂತೆಯಲ್ಲಿ ಅವರೇ ಎದುರು ಬಂದರೆ “ಎಲ್ಲ ಆರಾಮಾ?” ಅಂತ ಕೇಳಬೇಕು. ಅವರು “ಆರಾಮು” ಅಂದಾಗ ನಂಬಿದ ಮುಖ ಮಾಡಬೇಕು.

ಅದಕ್ಕೇ ಇರಬೇಕು, ಈ ಸೀರೀಸ್ ನನಗೆ ನಿಧಾನ ಅನ್ನಿಸಲೇ ಇಲ್ಲ. ಇದನ್ನು ಯಾರು ಸಿಕ್ಕಿಬೀಳುತ್ತಾರೆ ಅಂತ ನೋಡಿದರೆ ನಿಮಗೆ ಬೇಜಾರಾಗುವುದು ಸಹಜ. ಪ್ರತಿ ಸೀನಿನಲ್ಲೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಇಲ್ಲಿ ಕೂತವರಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಎಷ್ಟು ಗೊತ್ತು? ಆಗ ಊಟದ ಟೇಬಲ್ಲಿನ ಮಾತಿಗೂ ಬಿಗಿ ಬರುತ್ತದೆ.

ಸ್ಟ್ಯಾನ್ ಬಿಯರ್ ಹಿಡಿದು ಫಿಲಿಪ್ ಮನೆಗೆ ಬರುತ್ತಾನಲ್ಲ, ಅದನ್ನೇ ತಗೊಳ್ಳಿ. ತನ್ನ ಸಂಸಾರ ಸರಿಯಿಲ್ಲ ಅಂತ ಹೇಳಿಕೊಳ್ಳುವುದು ಇವನೊಬ್ಬನ ಹತ್ತಿರ. ತನ್ನ ಬಾಸ್‌ನ ಟೇಬಲ್ ಮೇಲಿನ ಪೆನ್ನಿನೊಳಗೆ ಮೈಕ್ ಇಡಿಸಿದವನು ಇವನೇ ಅಂತ ಗೊತ್ತಿಲ್ಲ. ಇದು ಯಾರು ಬೇಕಾದರೂ ಬರೆಯಬಹುದಾದ ಸಸ್ಪೆನ್ಸ್. ಆದರೆ ಫಿಲಿಪ್‌ಗೂ ಬೇರೆ ಗೆಳೆಯ ಇಲ್ಲ. ಸ್ಟ್ಯಾನ್ ಬಂದರೆ ಅವನಿಗೆ ನಿಜವಾಗಿ ಖುಷಿಯಾಗುತ್ತದೆ. ಆ ಖುಷಿಯನ್ನು ಹೆಂಡತಿಯಿಂದಲೂ ಸ್ವಲ್ಪ ಮುಚ್ಚಿಡುತ್ತಾನೆ. ಇಷ್ಟು ಬರೆಯುವುದಕ್ಕೆ ಕೈ ಪಳಗಿರಬೇಕು. ಹಾಗೇ ಈ ಗಂಡ ಹೆಂಡತಿ. ಹಳೆಯ ಬದುಕಿನ ಬಗ್ಗೆ ಪರಸ್ಪರ ಮಾತಾಡಬಾರದು, ಮನೆಯಲ್ಲಿ ರಷ್ಯನ್ ಆಡಬಾರದು ಅಂತ ಕಟ್ಟಪ್ಪಣೆ. ಇಷ್ಟು ವರ್ಷ ಸಂಸಾರ ಮಾಡಿ, ಎರಡು ಮಕ್ಕಳಾಗಿ, ಮೊದಲ ಎಪಿಸೋಡಿನ ಕೊನೆಗೆ ಎಲಿಜಬೆತ್ ತನ್ನ ನಿಜವಾದ ಹೆಸರು ನಾದೆಜ್ದಾ ಅಂತ ಗಂಡನಿಗೆ ಹೇಳುತ್ತಾಳೆ. ನೀವು ಬೆಂಕಿ ಅಂದ ಎಪಿಸೋಡಿನಲ್ಲಿ ನನ್ನನ್ನು ಹಿಡಿದದ್ದು ಕಾರಿನ ಡಿಕ್ಕಿ ಅಲ್ಲ, ಇದು.

ಮೊದಲ ಸೀಸನ್ನಿನಲ್ಲಿ ರೇಗನ್ ಮೇಲೆ ಗುಂಡು ಹಾರಿದ ದಿನದ ಎಪಿಸೋಡ್ ನೋಡಿದ್ದೀರಿ. 1981 ಮಾರ್ಚ್ 30. ವಿದೇಶಾಂಗ ಮಂತ್ರಿ ಅಲೆಕ್ಸಾಂಡರ್ ಹೇಗ್ ಪತ್ರಕರ್ತರ ಮುಂದೆ ಬಂದು ಶ್ವೇತಭವನದಲ್ಲಿ ಹಿಡಿತ ತನ್ನ ಕೈಯಲ್ಲಿದೆ ಅನ್ನುವ ಹಾಗೆ ಮಾತಾಡಿದ್ದು ಇತಿಹಾಸ. ಮಾಸ್ಕೋದಲ್ಲಿ ಕೂತವರಿಗೆ ಇದು ದಂಗೆಯ ಹಾಗೆ ಕಾಣುತ್ತದೆ. ಈ ಮಾತನ್ನು ಮೇಲಕ್ಕೆ ಕಳಿಸಬೇಕೋ ಬೇಡವೋ ಅಂತ ಗಂಡ ಹೆಂಡತಿಗೆ ಜಗಳ. ಅಮೆರಿಕದಲ್ಲಿ ಹಾಗೆಲ್ಲ ದಂಗೆ ಆಗುವುದಿಲ್ಲ ಅಂತ ಫಿಲಿಪ್‌ಗೆ ಗೊತ್ತು, ಯಾಕೆಂದರೆ ಅವನು ಅಲ್ಲಿ ಬಾಳಿದ್ದಾನೆ. ಎಲಿಜಬೆತ್‌ಗೂ ಗೊತ್ತು, ಒಪ್ಪಿಕೊಳ್ಳಲು ಇಷ್ಟವಿಲ್ಲ. ಯುದ್ಧ ಆಗುತ್ತದಾ ಇಲ್ಲವಾ ಅನ್ನುವುದು ಒಂದು ದಾಂಪತ್ಯದ ವಾದದ ಮೇಲೆ ನಿಂತಿದೆ. ನೀವು ಬರೀ ಮಾತು ಅಂತೀರಲ್ಲ, ಈ ಸೀರೀಸಿನಲ್ಲಿ ಗುಂಡು ಇರುವುದೇ ಮಾತಿನಲ್ಲಿ.

ಈಗ ಚರ್ಚಿನ ವಿಷಯ. ಅದು ಪಕ್ಕದ ಕಥೆ ಅಲ್ಲ, ಅದೇ ಬೆನ್ನೆಲುಬು. ಪೇಜ್‌ಗೆ ಮನೆಯಲ್ಲಿ ಏನೋ ಸರಿಯಿಲ್ಲ ಅಂತ ವಾಸನೆ ಬಡಿದಿದೆ. ಅರ್ಧರಾತ್ರಿ ಫೋನ್ ಬರುತ್ತದೆ, ಟ್ರಾವೆಲ್ ಏಜೆನ್ಸಿಯ ಗಿರಾಕಿಗೆ ಏನೋ ತೊಂದರೆ ಅಂತ ಅಪ್ಪ ಅಮ್ಮ ಹೊರಡುತ್ತಾರೆ. ಮೊದಲ ಸೀಸನ್ನಿನ ಕೊನೆಯಲ್ಲಿ ಅವಳು ಬಟ್ಟೆ ಒಗೆಯುವ ಕೋಣೆಗೆ ಒಬ್ಬಳೇ ಇಳಿದು ಸುತ್ತ ನೋಡುತ್ತಾಳಲ್ಲ, ಅಲ್ಲಿಂದ ಇದು ಶುರು. ಮನೆಯಲ್ಲಿ ನಿಜ ಸಿಗದ ಹುಡುಗಿ ಅದನ್ನು ಹುಡುಕಿಕೊಂಡು ಹೊರಗೆ ಹೋಗುತ್ತಾಳೆ. ಸಿಕ್ಕಿದ್ದು ಚರ್ಚು. ಅಲ್ಲಿ ಅಣ್ವಸ್ತ್ರ ಬೇಡ ಅಂತ ಪ್ರತಿಭಟನೆ, ಬಡವರಿಗೆ ಸಹಾಯ, ನಂಬಿದ್ದಕ್ಕೆ ಕಷ್ಟಪಡುವ ಜನ. ದೇವರನ್ನೇ ಒಪ್ಪದ ಕಮ್ಯುನಿಸ್ಟ್ ತಾಯಿಗೆ ಮೈಯೆಲ್ಲ ಉರಿ. ಆದರೆ ಮಗಳು ಅಮ್ಮನ ಪಡಿಯಚ್ಚು. ಅದೇ ಹಟ, ಅದೇ ನಂಬಿಕೆ, ದೇವರು ಮಾತ್ರ ಬೇರೆ. ಈ ಸೀಸನ್ನಿನಲ್ಲೇ ಎಲಿಜಬೆತ್ ಮಗಳನ್ನು ನಡುರಾತ್ರಿ ಎಬ್ಬಿಸಿ ಫ್ರಿಜ್ ತೊಳೆಸುತ್ತಾಳೆ. ಫಿಲಿಪ್ ಮಗಳ ಬೈಬಲ್ ಕಸಿದು ಹಾಳೆ ಹರಿಯುತ್ತಾನೆ. ಗನ್ ಹಿಡಿದಾಗಲೂ ಕೈ ನಡುಗದ ಮನುಷ್ಯ, ಹದಿಹರೆಯದ ಹುಡುಗಿಯ ಮುಂದೆ ಸೋತು ಹೋಗುತ್ತಾನೆ.

ನನಗೂ ರಾತ್ರಿ ಪಾಳಿ ಇರುತ್ತಿತ್ತು. ಮಗಳು ಬಾಗಿಲಿಗೆ ಬಂದು “ರಾತ್ರಿ ಎಲ್ಲ ಯಾರಿಗಮ್ಮಾ ಫೋನ್ ಮಾಡ್ತೀಯಾ?” ಅಂತ ಕೇಳುತ್ತಿದ್ದಳು. ಲೈನ್ ಕೊಡುತ್ತೇನೆ ಅಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಬಂದಾಗ ಯಾರು ಏನು ಮಾತಾಡಿದರು ಅಂತ ಕೇಳುತ್ತಿದ್ದಳು. ಹೇಳುವ ಹಾಗಿಲ್ಲ. ಕಾಯ್ದೆಗೆ ಹೆದರಿ ಮುಚ್ಚಿಟ್ಟದ್ದು ಕಡಿಮೆ, ರೂಢಿಯಾಗಿ ಮುಚ್ಚಿಟ್ಟದ್ದೇ ಜಾಸ್ತಿ. ಸಂಬಳ ಎಷ್ಟು ಬಂತು, ಪಲ್ಯಕ್ಕೆ ಏನು ತಂದೆ ಅನ್ನುವುದಕ್ಕೂ ನಾನು ಸೀದಾ ಉತ್ತರ ಕೊಡುವುದಿಲ್ಲ ಅಂತ ನಮ್ಮ ಮನೆಯವರು ಗೊಣಗುತ್ತಿದ್ದರು. ಎಲಿಜಬೆತ್ ನೋಡುವಾಗ ಇದು ನೆನಪಾಗುತ್ತದೆ. ಸುಳ್ಳು ಹೇಳಬೇಕಾಗಿಲ್ಲದ ಜಾಗದಲ್ಲೂ ಅವಳ ಬಾಯಿಂದ ಸುಳ್ಳೇ ಮೊದಲು ಬರುತ್ತದೆ. ಆ ಪಾತ್ರದ ಕೆರಿ ರಸೆಲ್ ಅದನ್ನು ಕಣ್ಣಿನಲ್ಲೇ ಮಾಡುತ್ತಾಳೆ. ಒಂದು ಕ್ಷಣ ಲೆಕ್ಕ ಹಾಕುತ್ತಾಳೆ, ಆಮೇಲೆ ನಗುತ್ತಾಳೆ. ನೋಡಿ, ಆ ಲೆಕ್ಕ ಪ್ರತಿ ಸಲ ಇರುತ್ತದೆ.

ಮುಂದೆ ವೇಗ ಬರುತ್ತದಾ ಅಂತ ಕೇಳಿದ್ದೀರಿ. ವೇಗ ಬರುವುದಿಲ್ಲ, ಒತ್ತಡ ಬರುತ್ತದೆ. ಮೂರನೇ ಸೀಸನ್ನಿನಲ್ಲಿ ಒಂದು ಹಲ್ಲು ಕೀಳುವ ಸೀನಿದೆ. ಎಲಿಜಬೆತ್‌ಗೆ ಹೊಡೆದಾಟದಲ್ಲಿ ದವಡೆಗೆ ಪೆಟ್ಟು. ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ, ಎಫ್‌ಬಿಐ ಅಲ್ಲೆಲ್ಲ ಕಣ್ಣಿಟ್ಟಿದೆ. ಮನೆಯ ನೆಲಮಾಳಿಗೆಯಲ್ಲಿ ಫಿಲಿಪ್ ಇಕ್ಕಳ ಹಿಡಿದು ಕೀಳುತ್ತಾನೆ. ಅರಿವಳಿಕೆ ಇಲ್ಲ, ಒಂದು ಮಾತಿಲ್ಲ. ಅವಳು ಅವನ ಕಣ್ಣು ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ನಾನು ಸೆರಗು ಬಾಯಿಗೆ ಹಿಡಿದು ನೋಡಿದೆ. ಇಬ್ಬರ ನಡುವಿನ ಪ್ರೀತಿ ಎಷ್ಟು ಅಂತ ಆವತ್ತು ಗೊತ್ತಾಯಿತು. ಮಂಚದ ಸೀನುಗಳಲ್ಲಿ ಗೊತ್ತಾಗಿರಲಿಲ್ಲ.

ಅದೇ ಸೀಸನ್ನಿನಲ್ಲಿ ಇನ್ನೊಂದು ಬರುತ್ತದೆ. ಪೂರ್ತಿ ಹೇಳುವುದಿಲ್ಲ. ಎಫ್‌ಬಿಐ ಆಫೀಸಿನಲ್ಲಿ ಟಪಾಲು ಹಂಚುವ ರೋಬೋ ಗಾಡಿ ನೆನಪಿದೆಯಾ, ಕಾರಿಡಾರಿನಲ್ಲಿ ಪೀಂ ಪೀಂ ಅಂತ ಹೋಗುತ್ತಲ್ಲ? ಅದು ರಿಪೇರಿಗೆ ಹೋಗುತ್ತದೆ. ರಾತ್ರಿ ಆ ರಿಪೇರಿ ಶೆಡ್ಡಿಗೆ ನುಗ್ಗಿದಾಗ ಮೇಲಿನ ಕೋಣೆಯಲ್ಲಿ ಒಬ್ಬ ಮುದುಕಿ ಲೆಕ್ಕ ಬರೆಯುತ್ತಾ ಕೂತಿದ್ದಾಳೆ. ಗಂಡ ಕಟ್ಟಿದ ವ್ಯಾಪಾರ. ರಾತ್ರಿ ಹೊತ್ತು ಅಲ್ಲಿ ಕೂತರೆ ತೀರಿಹೋದ ಗಂಡ ಹತ್ತಿರ ಇದ್ದ ಹಾಗೆ ಅವಳಿಗೆ. ಲೋಯಿಸ್ ಸ್ಮಿತ್ ಅನ್ನುವ ಹಿರಿಯ ನಟಿ ಮಾಡಿದ್ದಾರೆ. ಎಲಿಜಬೆತ್ ಎದುರು ಕುರ್ಚಿ ಎಳೆದು ಕೂರುತ್ತಾಳೆ. ಇಬ್ಬರೂ ಮಾತಾಡುತ್ತಾರೆ, ಮನೆಗೆ ಬಂದ ನೆಂಟರ ಹಾಗೆ. ಎಲಿಜಬೆತ್ ತನ್ನ ಅಮ್ಮನ ಬಗ್ಗೆ, ತನ್ನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಗಂಡನಿಗೂ ಇಷ್ಟು ಸಲೀಸಾಗಿ ಹೇಳಿದವಳಲ್ಲ. ಈ ಮುದುಕಿಗೆ ಯಾಕೆ ಹೇಳಿದಳು? ಕೇಳಿದವರು ಅದನ್ನು ಹೊರಗೆ ಒಯ್ಯುವುದಿಲ್ಲ ಅಂತ ಖಾತ್ರಿ ಇದ್ದಾಗ ಮಾತ್ರ ಅವಳಿಗೆ ನಿಜ ಹೇಳಲು ಬರುತ್ತದೆ. ಆ ಖಾತ್ರಿ ಎಲ್ಲಿಂದ ಬಂತು ಅಂತ ನೋಡಿದಾಗ ಗೊತ್ತಾಗುತ್ತದೆ. ನನ್ನಷ್ಟೇ ವಯಸ್ಸಾದ ಹೆಂಗಸು, ರಾತ್ರಿ ಒಬ್ಬಳೇ ದೀಪ ಹಾಕಿಕೊಂಡು ಕೆಲಸ ಮಾಡುತ್ತಿದ್ದಾಳೆ. ಆವತ್ತು ಅಲ್ಲಿಗೇ ಟಿವಿ ಆರಿಸಿದೆ.

ಫೋನಿನವಳಾಗಿ ಒಂದು ಮಾತು ಸೇರಿಸುತ್ತೇನೆ. ಫಿಲಿಪ್ ಶಾರ್ಟ್‌ವೇವ್ ರೇಡಿಯೋ ಹಚ್ಚಿ, ಯಾರೋ ಓದುವ ಅಂಕಿಗಳನ್ನು ಬರೆದುಕೊಳ್ಳುತ್ತಾನಲ್ಲ, ಅದು ಕಟ್ಟುಕಥೆ ಅಲ್ಲ. ಅಂಥ ಸ್ಟೇಷನ್ನುಗಳು ನಿಜವಾಗಿ ಇದ್ದವು. ನಮ್ಮಲ್ಲಿ ಲೈನ್ ಕೊಟ್ಟರೆ ಟಿಕೆಟ್ಟಿನಲ್ಲಿ ಎರಡೂ ನಂಬರು, ಹೊತ್ತು ಎಲ್ಲ ದಾಖಲು. ಯಾರು ಯಾರಿಗೆ ಮಾಡಿದರು ಅಂತ ಆಮೇಲೆ ತೆಗೆದು ನೋಡಬಹುದು. ರೇಡಿಯೋಗೆ ಆ ಕಾಟ ಇಲ್ಲ. ಇಡೀ ಜಗತ್ತು ಕೇಳಬಹುದು, ಯಾರಿಗಾಗಿ ಓದುತ್ತಿದ್ದಾರೆ ಅಂತ ಹಿಡಿಯಲಾಗುವುದಿಲ್ಲ. ಅಂಕಿ ಬಿಡಿಸುವ ಹಾಳೆ ಇಬ್ಬರ ಹತ್ತಿರ ಮಾತ್ರ. ಒಂದು ಸಲ ಬಳಸಿ ಸುಟ್ಟರೆ ಮುಗಿಯಿತು, ಎಂಥ ಕಂಪ್ಯೂಟರಿಗೂ ಬಿಡಿಸಲು ಬರುವುದಿಲ್ಲ.

ಪೊಟೋಮ್ಯಾಕ್_ರಾಗಿಮುದ್ದೆ

ಅಮ್ಮಾ, ಅದ್ಭುತವಾಗಿ ಬರೆದಿದ್ದೀರಿ. ನಾನಿರುವುದು ಉತ್ತರ ವರ್ಜೀನಿಯಾದಲ್ಲಿ, ಫಾಲ್ಸ್ ಚರ್ಚ್ ನಮಗೆ ತರಕಾರಿ ತರಲು ಹೋಗುವಷ್ಟು ಹತ್ತಿರ. ಸೀರೀಸ್ ಇಲ್ಲಿ ತೆಗೆದದ್ದಲ್ಲ, ನ್ಯೂಯಾರ್ಕಿನಲ್ಲಿ. ನೋಡುವಾಗ ನಮಗೆ ಅಲ್ಲಲ್ಲಿ ನಗು ಬರುತ್ತದೆ, ಬೀದಿಗಳು ನಮ್ಮ ಕಡೆಯವು ಅಲ್ಲವೇ ಅಲ್ಲ.

ನಿಜವಾ ಅಂತ ಕೇಳಿದವರಿಗೆ: 2010ರ ಜೂನ್‌ನಲ್ಲಿ ಎಫ್‌ಬಿಐ ಹತ್ತು ಜನ ರಷ್ಯನ್ ಬೇಹುಗಾರರನ್ನು ಇಲ್ಲಿ ಹಿಡಿಯಿತು. ಅದರಲ್ಲಿ ಒಂದು ಜೋಡಿ ಇದ್ದದ್ದು ನಮ್ಮ ಪಕ್ಕದ ಆರ್ಲಿಂಗ್ಟನ್‌ನಲ್ಲಿ. ಇನ್ನೊಂದು ಜೋಡಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ. ಹಸುಗೂಸಾಗಿದ್ದಾಗಲೇ ತೀರಿಹೋದ ಕೆನಡಾದ ಮಗುವಿನ ಹೆಸರು ಹೊತ್ತು ಬದುಕುತ್ತಿದ್ದ ಗಂಡ. ಟೊರಾಂಟೋದಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು. ತಮಗೆ ಏನೂ ಗೊತ್ತಿರಲಿಲ್ಲ ಅಂತ ಆ ಮಕ್ಕಳು ಆಮೇಲೆ ಹೇಳಿದರು. ಜುಲೈ 9ಕ್ಕೆ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಅದಲು ಬದಲು: ಈ ಹತ್ತು ಜನ ಆ ಕಡೆ, ರಷ್ಯಾದ ಜೈಲಿನಲ್ಲಿದ್ದ ನಾಲ್ವರು ಈ ಕಡೆ. ಮಕ್ಕಳ ಕೆನಡಾ ಪೌರತ್ವ ರದ್ದಾಗಿ, ಚಿಕ್ಕವನು ಕೋರ್ಟಿಗೆ ಹೋಗಿ, 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಅಪ್ಪ ಅಮ್ಮನ ಬದುಕಿಗಿಂತ ಆ ಹುಡುಗರ ಕಥೆಯೇ ನನಗೆ ಜಾಸ್ತಿ ಕಾಡಿದ್ದು.

ಸೀರೀಸ್ ಹುಟ್ಟುಹಾಕಿದ ಜೋ ವೈಸ್‌ಬರ್ಗ್ ಹಿಂದೆ ಸಿಐಎಯಲ್ಲಿ ಕೆಲಸ ಮಾಡಿದವರು. ಸ್ಕ್ರಿಪ್ಟನ್ನು ಸಿಐಎಯ ಪರಿಶೀಲನಾ ಮಂಡಳಿಗೆ ತೋರಿಸಬೇಕಾಗಿತ್ತು.

ಅಮ್ಮನ ಜೊತೆ ಒಂದು ತಕರಾರು ಮಾತ್ರ ಇದೆ. ಕೊಲೆಗಳು ವಿಪರೀತ. ನಿಜವಾದ ಆ ಹತ್ತು ಜನ ಯಾರನ್ನೂ ಕೊಂದವರಲ್ಲ. ಅವರ ಮೇಲೆ ಬೇಹುಗಾರಿಕೆಯ ಕೇಸು ಕೂಡ ಹಾಕಲಿಲ್ಲ. ನೋಂದಣಿ ಮಾಡಿಸದೆ ವಿದೇಶಿ ಸರ್ಕಾರದ ಪರ ಕೆಲಸ ಮಾಡಿದರು ಅನ್ನುವುದೇ ಮುಖ್ಯ ಆರೋಪ. ಸ್ನೇಹ ಬೆಳೆಸುವುದು, ಮುಂದೆ ಯಾರು ದೊಡ್ಡವರಾಗಬಹುದು ಅಂತ ಗುರುತಿಸುವುದು, ಕಾಯುವುದು, ಇದೇ ಅವರ ಕೆಲಸ. ವಾರಕ್ಕೊಂದು ಹೆಣ, ವಿಗ್ ಬದಲಿಸಿದ ತಕ್ಷಣ ಯಾರಿಗೂ ಗುರುತು ಸಿಗದಿರುವುದು, ಇದೆಲ್ಲ ಟಿವಿ.

ಅಂದಹಾಗೆ ಸೋವಿಯತ್ ರಾಯಭಾರ ಕಚೇರಿಯ ನೀನಾ ಪಾತ್ರ ಮಾಡಿದ ಆ್ಯನೆಟ್ ಮಹೇಂದ್ರು ಇದ್ದಾಳಲ್ಲ, ಅವಳ ತಂದೆ ಭಾರತದವರು, ತಾಯಿ ರಷ್ಯದವರು, ಹುಟ್ಟಿದ್ದು ಕಾಬೂಲಿನಲ್ಲಿ. ಹೆಸರು ನೋಡಿ ನಮ್ಮ ಮನೆಯಲ್ಲಿ ಒಂದು ಸಣ್ಣ ಪಂದ್ಯ ನಡೆದು, ನಾನು ಗೆದ್ದೆ.

ಟ್ರಂಕ್‌ಬೋರ್ಡ್_ಅಮ್ಮ

ತಕರಾರು ನ್ಯಾಯವಾಗಿಯೇ ಇದೆ. ವಿಗ್ಗುಗಳ ವಿಷಯದಲ್ಲಿ ನಾನೂ ನಿಮ್ಮ ಕಡೆ. ಆ ಮೀಸೆ ಅಂಟಿಸಿಕೊಂಡ ಫಿಲಿಪ್‌ನನ್ನು ನಮ್ಮ ಬೀದಿಯ ನಾಯಿಯೂ ಗುರುತು ಹಿಡಿಯುತ್ತದೆ. ಕೊಲೆಗಳ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ಬೇರೆ ಸೀರೀಸುಗಳಲ್ಲಿ ಸತ್ತವರನ್ನು ಮುಂದಿನ ಸೀನಿಗೆ ಮರೆತುಬಿಡುತ್ತಾರೆ. ಇಲ್ಲಿ ಫಿಲಿಪ್ ಮರೆಯುವುದಿಲ್ಲ. ಒಂದೊಂದು ಸಾವೂ ಅವನ ಮುಖದ ಮೇಲೆ ಉಳಿಯುತ್ತಾ ಹೋಗುತ್ತದೆ. ನಾಲ್ಕನೇ ಸೀಸನ್ನಿನ ಹೊತ್ತಿಗೆ ಆ ಮುಖ ನೋಡಿ. ಎಲಿಜಬೆತ್‌ಗೆ ಅದು ಅರ್ಥವೇ ಆಗುವುದಿಲ್ಲ. ಇಬ್ಬರ ನಡುವೆ ಬಿರುಕು ಬರುವುದೇ ಅಲ್ಲಿಂದ. ಕೊಲೆ ಕಡಿಮೆ ಮಾಡಿದ್ದರೆ ಆ ಬಿರುಕಿಗೆ ಕಾರಣ ಎಲ್ಲಿಂದ ತರುವುದು?

ಗಾಂಧಿಬಜಾರ್_ಫಿಲ್ಟರ್

ಮೇಡಂ, ನಿಮ್ಮ ಉತ್ತರ ಓದಿ ಎರಡನೇ ಸೀಸನ್ ಮುಗಿಸಿದೆ. ಫ್ರಿಜ್ ತೊಳೆಸುವ ಸೀನ್ ಬಂದಾಗ ಪಾಸ್ ಮಾಡಿ ನಿಮ್ಮ ಪೋಸ್ಟನ್ನು ಇನ್ನೊಮ್ಮೆ ಓದಿದೆ. ಸೀಸನ್ ಕೊನೆಯಲ್ಲಿ ಆಗಿದ್ದು ನೋಡಿ ಚರ್ಚಿನ ಬಗ್ಗೆ ಆಡಿದ ಮಾತು ವಾಪಸ್ ತಗೊಂಡಿದ್ದೇನೆ. ಈಗ ನನ್ನ ಹೆಂಡತಿಯೂ ಜೊತೆಗೆ ಕೂರುತ್ತಾಳೆ. ಅವಳು ಪೂರ್ತಿ ಮಾರ್ಥಾ ಪಾರ್ಟಿ. ಎಫ್‌ಬಿಐ ಆಫೀಸಿನ ಸೆಕ್ರೆಟರಿ, ಪಾಪ, ಕ್ಲಾರ್ಕ್ ಅನ್ನುವ ಸುಳ್ಳು ಹೆಸರನ್ನು ನಂಬಿ ಫಿಲಿಪ್‌ನ ಮದುವೆಯೇ ಆಗಿಬಿಟ್ಟಳು. ಮದುವೆಗೆ ಎಲಿಜಬೆತ್ ವರನ ಸೋದರಿಯಾಗಿ ಬಂದಳು! ಇಷ್ಟು ದಡ್ಡಿ ಇರುತ್ತಾರಾ ಅಂತ ನಾನು, ದಡ್ಡಿ ಅಲ್ಲ ಒಂಟಿ ಅಂತ ಅವಳು. ಫಿಲಿಪ್‌ಗೆ ಅವಳ ಮೇಲೆ ಸ್ವಲ್ಪವಾದರೂ ಪ್ರೀತಿ ಇದೆಯಾ ಅಥವಾ ಬರೀ ನಾಟಕವಾ? ನಿಮ್ಮ ತೀರ್ಪು ಬೇಕು.

ಟ್ರಂಕ್‌ಬೋರ್ಡ್_ಅಮ್ಮ

ತೀರ್ಪು ನಿಮ್ಮ ಹೆಂಡತಿಯ ಕಡೆ. ಆದರೆ ಒಂಟಿ ಅನ್ನುವುದಕ್ಕಿಂತ, ಅವಳನ್ನು ಯಾರೂ ನೋಡುವುದಿಲ್ಲ ಅನ್ನುವುದು ಸರಿ. ಆ ಆಫೀಸನ್ನು ಗಮನಿಸಿ. ಗಂಡಸರು ಅವಳ ಟೇಬಲ್ ಪಕ್ಕದಲ್ಲೇ ನಿಂತು ಗುಟ್ಟಿನ ವಿಷಯ ಮಾತಾಡುತ್ತಾರೆ. ಫೈಲು ಕೇಳುತ್ತಾರೆ, ಕಾಫಿ ಕೇಳುತ್ತಾರೆ. ಅವಳಿಗೆ ಕಿವಿ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ನಮ್ಮ ಬೋರ್ಡಿನ ಮುಂದೆ ಕೂತ ಹುಡುಗಿಯರ ಕಥೆಯೂ ಇದೇ. ಲೈನ್ ಸಿಕ್ಕ ಕೂಡಲೇ ನಾವು ಇಲ್ಲವಾಗಿಬಿಡುತ್ತಿದ್ದೆವು. ಲೈನ್ ಸಿಗದಿದ್ದಾಗ ಮಾತ್ರ ಬೈಯುವುದಕ್ಕೆ ನಾವು ಬೇಕು.

ಇದನ್ನು ಬೇಹುಗಾರಿಕೆ ಇಲಾಖೆಗಳು ಚೆನ್ನಾಗಿ ಬಳಸಿಕೊಂಡಿವೆ, ಕಥೆಯಲ್ಲಿ ಅಲ್ಲ. ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿಯ ಮಾರ್ಕುಸ್ ವೋಲ್ಫ್ ಅನ್ನುವವನ ವಿಭಾಗ ಇದಕ್ಕಂತಲೇ ಗಂಡಸರನ್ನು ತಯಾರು ಮಾಡಿ ಪಶ್ಚಿಮ ಜರ್ಮನಿಗೆ ಕಳಿಸುತ್ತಿತ್ತು. ರಾಜಧಾನಿ ಬಾನ್‌ನ ಸರ್ಕಾರಿ ಕಚೇರಿಗಳ ಸೆಕ್ರೆಟರಿಗಳೇ ಅವರ ಗುರಿ. ಅವರಿಗೆ ರೋಮಿಯೋಗಳು ಅಂತಲೇ ಹೆಸರಾಯಿತು. ಮಂತ್ರಿಯನ್ನು ಹಿಡಿಯುವುದು ಕಷ್ಟ. ಮಂತ್ರಿಯ ಕಾಗದ ಟೈಪ್ ಮಾಡುವವಳನ್ನು ಊಟಕ್ಕೆ ಕರೆಯುವುದು ಸುಲಭ. ಹಾಗೆ ಸಿಕ್ಕಿಕೊಂಡ ಹೆಂಗಸರನ್ನು ದಡ್ಡಿಯರು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಕೆಲಸದಲ್ಲಿ ಚ್ಯುತಿ ಇಲ್ಲದವರು, ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಯಾಕೆ ಕೂರಿಸುತ್ತಿದ್ದರು?

ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಕ್ಲಾರ್ಕ್‌ನ ಹೆಸರು ಸುಳ್ಳು, ಕೆಲಸ ಸುಳ್ಳು, ಕೂದಲೂ ಸುಳ್ಳು. ಆದರೆ ಮಾರ್ಥಾ ಮಾತಾಡುವಾಗ ಅವನು ಕೇಳಿಸಿಕೊಳ್ಳುವುದನ್ನು ನೋಡಿ. ಅದು ನಾಟಕ ಅಂತ ನನಗೆ ಅನ್ನಿಸಲಿಲ್ಲ. ಮೊದಮೊದಲು ಮಾಹಿತಿಗಾಗಿ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಯಾವುದೋ ಹೊತ್ತಿನಲ್ಲಿ ಅವಳ ದಿನ ಹೇಗಿತ್ತು ಅಂತ ಅವನಿಗೆ ನಿಜವಾಗಿ ಬೇಕಾಗುತ್ತದೆ. ಅದನ್ನು ಪ್ರೀತಿ ಅನ್ನಿ, ಪಾಪಪ್ರಜ್ಞೆ ಅನ್ನಿ. ಎಲಿಜಬೆತ್ ಅದನ್ನು ಮೊದಲೇ ಕಂಡುಕೊಳ್ಳುತ್ತಾಳೆ, ಮತ್ತು ಅವಳಿಗೆ ಹೊಟ್ಟೆಕಿಚ್ಚು ಆಗುತ್ತದೆ. ಬೇಹುಗಾರಿಕೆಯಲ್ಲಿ ಗಂಡ ಬೇರೆಯವಳ ಜೊತೆ ಮಲಗಿದರೆ ಅವಳಿಗೆ ಏನೂ ಅನ್ನಿಸುವುದಿಲ್ಲ. ಗಂಡ ಬೇರೆಯವಳ ಜೊತೆ ಮೃದುವಾಗಿ ಮಾತಾಡಿದರೆ ತಡೆಯಲಾಗುವುದಿಲ್ಲ. ಮೂರನೇ ಸೀಸನ್ನಿನ ಕೊನೆಗೆ ಒಂದು ವಿಗ್ ಕಳಚುವ ಸೀನ್ ಬರುತ್ತದೆ, ಆಗ ನಿಮ್ಮ ಹೆಂಡತಿ ಏನಂದರು ಅಂತ ಬರೆಯಿರಿ. ಮಾರ್ಥಾ ಆಗಿ ಮಾಡಿದ ಆ್ಯಲಿಸನ್ ರೈಟ್‌ಗೆ ಈ ಪಾತ್ರಕ್ಕೆ ಎಮ್ಮಿ ಬರಲಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ. ಇವರಿಬ್ಬರಿಗೆ ಕೆಲಸ ಒಪ್ಪಿಸುವ ಕೆಜಿಬಿ ಅಧಿಕಾರಿ ಕ್ಲಾಡಿಯಾ ಪಾತ್ರದ ಮಾರ್ಗೋ ಮಾರ್ಟಿಂಡೇಲ್‌ಗೆ 2015, 2016 ಎರಡು ವರ್ಷ ಬಂತು. ಆಕೆಗೆ ಬಂದದ್ದು ಸರಿಯೇ, ಆದರೂ.

ಒಂದು ಎಚ್ಚರಿಕೆ. ಐದನೇ ಸೀಸನ್ ಬಹಳ ನಿಧಾನ, ಅದನ್ನು ನಾನೂ ಒಪ್ಪುತ್ತೇನೆ. ಗೋಧಿ ಬೆಳೆ, ಅದನ್ನು ತಿನ್ನುವ ಹುಳ, ಅದರ ಹಿಂದೆ ಇಬ್ಬರೂ ಕ್ಯಾನ್ಸಸ್‌ಗೆ ಓಡಾಡುವುದು. ಒಂದೆರಡು ಕಡೆ ನನಗೆ ತೂಕಡಿಕೆ ಬಂದಿತ್ತು. ಆದರೂ ಹಾರಿಸಬೇಡಿ. ಯಾಕೆ ಅಂತ ನಿಮಗಿಂತ ಮೊದಲು ನಿಮ್ಮ ಹೆಂಡತಿಗೆ ಗೊತ್ತಾಗುತ್ತದೆ. ಮತ್ತೆ ಮೊಬೈಲ್ ಪಕ್ಕಕ್ಕಿಟ್ಟು ನೋಡಿ. ಮೂರನೇ ಸೀಸನ್ನಿನಿಂದ ರಷ್ಯನ್ ಮಾತು ಜಾಸ್ತಿ, ಸಬ್‌ಟೈಟಲ್ ತಪ್ಪಿಸಿಕೊಂಡರೆ ಸೋವಿಯತ್ ರಾಯಭಾರ ಕಚೇರಿಯ ಓಲೆಗ್‌ನ ಕಥೆ ಪೂರ್ತಿ ಕೈತಪ್ಪುತ್ತದೆ.

ಸ್ಪೀಡ್_2ಎಕ್ಸ್

ಸರಿ ಸರಿ, ನಾನೂ ಮೂರನೇ ಸೀಸನ್ ಶುರು ಮಾಡ್ತೀನಿ. ಆದರೆ ಆ ಗೋಧಿ ಹುಳ ಮಾತ್ರ 1.5ಎಕ್ಸ್‌ನಲ್ಲಿ, ಅದಕ್ಕೆ ಪರ್ಮಿಷನ್ ಕೊಡಿ ಅಮ್ಮಾ.

ಟ್ರಂಕ್‌ಬೋರ್ಡ್_ಅಮ್ಮ

1.25. ಅದಕ್ಕಿಂತ ಮೇಲೆ ಇಲ್ಲ.